ಬಿ.ಎಸ್ಸಿ ನರ್ಸಿಂಗ್ ಮೊದಲ ಸೆಮಿಸ್ಟರ್: ಓದು, ರೆಕಾರ್ಡ್, ವಾರ್ಡ್ ಮೂರನ್ನೂ ಹೇಗೆ ನಿಭಾಯಿಸುವುದು?

ಕುಷ್ಟಗಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ ನರ್ಸಿಂಗ್ ಸೇರಿದ್ದೇನೆ. ದಸರಾ ಮುಗಿದ ಮೇಲೆ ಕ್ಲಾಸ್ ಶುರುವಾದವು. ಹತ್ತನೇ ತರಗತಿವರೆಗೆ ಓದಿದ್ದು ನಮ್ಮ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ಕನ್ನಡದಲ್ಲಿ. ಪಿಯುಸಿ ಸೈನ್ಸ್ ಪುಸ್ತಕ ಇಂಗ್ಲಿಷ್‌ನಲ್ಲಿದ್ದರೂ ಲೆಕ್ಚರರ್ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಇಲ್ಲಿ ಹಾಗಿಲ್ಲ. ಅನಾಟಮಿ (ದೇಹದ ರಚನೆ) ಮೇಡಂ ನೋಟ್ಸ್ ಹೇಳುವ ವೇಗಕ್ಕೆ ನನಗೆ ಸ್ಪೆಲ್ಲಿಂಗ್ ಬರೆಯುವುದಕ್ಕೇ ಆಗುವುದಿಲ್ಲ. ಪಕ್ಕದವಳ ನೋಟ್‌ಬುಕ್ ಇಸ್ಕೊಂಡು ರಾತ್ರಿ ಮತ್ತೆ ಬರೆಯುತ್ತೇನೆ.

ಬೆಳಿಗ್ಗೆ 5 ಗಂಟೆಗೆ ಏಳದಿದ್ದರೆ ಬಾತ್‌ರೂಮ್ ಸಿಗುವುದಿಲ್ಲ. 8ರಿಂದ 4ರವರೆಗೆ ಕ್ಲಾಸ್ ಇಲ್ಲವೇ ಲ್ಯಾಬ್. ವಾರದಲ್ಲಿ ಕೆಲವು ದಿನ ವಾರ್ಡ್ ಪೋಸ್ಟಿಂಗ್. ಸಂಜೆ ಹಾಸ್ಟೆಲ್‌ನಲ್ಲಿ ಕಡ್ಡಾಯ ಸ್ಟಡಿ ಅವರ್. ಅದು ಮುಗಿದ ಮೇಲೆ ಪ್ರೊಸೀಜರ್ ರೆಕಾರ್ಡ್. ಒಂದೊಂದು ಪ್ರೊಸೀಜರ್‌ಗೂ ಉದ್ದೇಶ, ಬೇಕಾಗುವ ಸಾಮಾನು, ಮಾಡುವ ಕ್ರಮ, ಪ್ರತಿ ಹೆಜ್ಜೆಗೂ ಕಾರಣ ಎಲ್ಲ ಬರೆಯಬೇಕು. ಜೊತೆಗೆ ಅನಾಟಮಿ ಚಿತ್ರಗಳು, ಸೋಶಿಯಾಲಜಿ ಅಸೈನ್‌ಮೆಂಟ್. ಮಲಗುವಾಗ 1 ಗಂಟೆ. ಮೊದಲ ಇಂಟರ್ನಲ್ಸ್‌ನಲ್ಲಿ ಅನಾಟಮಿಗೆ 25ಕ್ಕೆ 9 ಬಂತು.

ವಾರ್ಡ್‌ನದು ಇನ್ನೊಂದು ಕಷ್ಟ. ಮೊನ್ನೆ ಹಾಸಿಗೆ ಹಿಡಿದ ಒಬ್ಬ ಅಜ್ಜಿಗೆ ಸ್ಪಾಂಜ್ ಬಾತ್, ಅಂದರೆ ಮಲಗಿದ್ದಲ್ಲೇ ಮೈ ಒರೆಸುವ ಸ್ನಾನ, ಕೊಡಬೇಕಿತ್ತು. ಮುಟ್ಟಲು ಕೈ ಬರಲಿಲ್ಲ. ಆ ದಿನ ಊಟ ಸೇರಲಿಲ್ಲ. ನಿಂತು ನಿಂತು ಪಾದ ಊದಿಕೊಳ್ಳುತ್ತವೆ. ಅಪ್ಪ ಬಡ್ಡಿಗೆ ಹಣ ತಂದು ಫೀಸ್ ಕಟ್ಟಿದ್ದಾರೆ. ಅವ್ವ ಫೋನ್ ಮಾಡಿದರೆ ಚೆನ್ನಾಗಿದ್ದೇನೆ ಅಂತ ಹೇಳಿ ಇಟ್ಟುಬಿಡುತ್ತೇನೆ.

ನನ್ನ ಪ್ರಶ್ನೆ ಇಷ್ಟು. ಇಷ್ಟೊಂದರಲ್ಲಿ ಯಾವುದನ್ನು ಮೊದಲು ಹಿಡಿಯಬೇಕು? ಕನ್ನಡದಲ್ಲಿ ಬರೆದುಕೊಂಡು ಓದಿದರೆ ತಪ್ಪಾ? ರೋಗಿಯ ಆರೈಕೆಯ ಮೂಲ ಕೆಲಸ ಕಲಿಸುವ ನರ್ಸಿಂಗ್ ಫೌಂಡೇಶನ್‌ಗೆ ಈ ಸೆಮಿಸ್ಟರ್ ಯೂನಿವರ್ಸಿಟಿ ಪರೀಕ್ಷೆ ಇಲ್ಲವಂತೆ. ಅದನ್ನು ಸದ್ಯ ಪಕ್ಕಕ್ಕಿಡಬಹುದಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಐಸಿಯು ಅಕ್ಕ, ಹುಬ್ಬಳ್ಳಿ

ತಂಗಿ, ನಿನ್ನ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಫೌಂಡೇಶನ್ ಪಕ್ಕಕ್ಕಿಡಬೇಡ. ನೀನು ಇವತ್ತು ಓದಿದ್ದು ನಾಳೆ ಬೆಳಿಗ್ಗೆಯೇ ಕೈಗೆ ಬರುವ ವಿಷಯ ಅದೊಂದೇ. ನಾನು ಓದುವಾಗ ವರ್ಷಕ್ಕೊಮ್ಮೆ ಪರೀಕ್ಷೆ ಇತ್ತು. ಅನಾಟಮಿ, ಫಿಸಿಯಾಲಜಿ (ದೇಹ ಕೆಲಸ ಮಾಡುವ ಬಗೆ), ಬಯೋಕೆಮಿಸ್ಟ್ರಿ, ನ್ಯೂಟ್ರಿಷನ್, ಮೈಕ್ರೋಬಯಾಲಜಿ ಎಲ್ಲ ಒಂದೇ ವರ್ಷದಲ್ಲಿ ಬರುತ್ತಿದ್ದವು. ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ 2021ರ ಸಿಲಬಸ್ ಬಂದ ಮೇಲೆ ಸೆಮಿಸ್ಟರ್ ಆಯಿತು. ನನ್ನ ಚಿಕ್ಕಮ್ಮನ ಮಗಳು ಈಗ ಅದನ್ನೇ ಓದುತ್ತಿದ್ದಾಳೆ, ಅವಳ ಪುಸ್ತಕ ನೋಡುತ್ತಿರುತ್ತೇನೆ. ಈ ಸೆಮಿಸ್ಟರ್‌ನಲ್ಲಿ ಅನಾಟಮಿಗೆ 60 ಗಂಟೆ ಪಾಠ, ಫಿಸಿಯಾಲಜಿಗೆ 60 ಗಂಟೆ. ಫೌಂಡೇಶನ್‌ಗೆ ಪಾಠವೇ 120 ಗಂಟೆ. ಅದರ ಮೇಲೆ ಲ್ಯಾಬ್ 80, ವಾರ್ಡ್ 160. ಇಷ್ಟು ಹೊತ್ತು ಸುಮ್ನೆ ಇಟ್ಟಿದ್ದಾರಾ? ಯೂನಿವರ್ಸಿಟಿ ಪರೀಕ್ಷೆ ಎರಡನೇ ಸೆಮಿಸ್ಟರ್ ಕೊನೆಗೆ ಬರುತ್ತದೆ, ನಿಜ. ಆದರೆ ಆಗ ಕೈ ಪಳಗಿರಬೇಕಲ್ವಾ?

ಈಗ ಮುಖ್ಯ ಮಾತು. ನಿನಗೆ ಐದಾರು ಸಬ್ಜೆಕ್ಟ್ ಬೇರೆ ಬೇರೆಯಾಗಿ ಕಾಣುತ್ತಿವೆ. ಅದಕ್ಕೇ ಹೊರೆ ಜಾಸ್ತಿ ಅನ್ನಿಸುತ್ತಿದೆ. ವಾರ್ಡ್‌ನಲ್ಲಿ ಅವೆಲ್ಲ ಒಬ್ಬ ರೋಗಿಯಲ್ಲೇ ಇರುತ್ತವೆ. ನೀನು ಹೇಳಿದ ಆ ಅಜ್ಜಿಯನ್ನೇ ತಗೋ. ಮಲಗಿದ್ದಲ್ಲೇ ಇರುವವರಿಗೆ ಹುಣ್ಣು ಎಲ್ಲಿ ಆಗುತ್ತದೆ? ಬೆನ್ನಿನ ಕೆಳಗಿನ ತುದಿಯ ಸೇಕ್ರಮ್ ಹತ್ತಿರ, ಹಿಮ್ಮಡಿ, ಸೊಂಟದ ಪಕ್ಕ, ಭುಜದ ಹಿಂದಿನ ಸ್ಕ್ಯಾಪುಲಾ, ತಲೆಯ ಹಿಂಭಾಗ. ಈ ಜಾಗಗಳ ಹೆಸರು ಅನಾಟಮಿ. ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಒತ್ತಿಕೊಂಡು ರಕ್ತ ಓಡಾಡುವುದು ನಿಂತರೆ ಆ ಜಾಗ ಸಾಯುತ್ತದೆ. ಅದು ಫಿಸಿಯಾಲಜಿ. 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬ್ಯಾಕ್ ಕೇರ್ ಕೊಡುವುದು, ಬೆಡ್‌ಶೀಟ್‌ನಲ್ಲಿ ಒಂದು ಸುಕ್ಕೂ ಇಲ್ಲದಂತೆ ಎಳೆದು ಹಾಕುವುದು ಫೌಂಡೇಶನ್. ಅಜ್ಜಿಯ ಹತ್ತಿರ ಯಾರು ಕೂತಿದ್ದಾರೆ, ಮಗನಾ, ಸೊಸೆಯಾ, ಯಾರೂ ಇಲ್ವಾ, ಮನೆಗೆ ಹೋದ ಮೇಲೆ ಮಗ್ಗುಲು ಬದಲಿಸುವವರು ಯಾರು? ಸೋಶಿಯಾಲಜಿ ಅಂದರೆ ಇದೇ. ಮೈ ಮುಟ್ಟಿಸಿಕೊಳ್ಳಲು ಆಕೆಗೆ ಆಗುವ ಸಂಕೋಚ ಸೈಕಾಲಜಿ.

ಇನ್ನೊಂದು ಉದಾಹರಣೆ. ಉಸಿರು ಕಟ್ಟುತ್ತಿರುವವರನ್ನು ಬೆನ್ನಿಗೆ ದಿಂಬು ಕೊಟ್ಟು ಎತ್ತರಿಸಿ ಕೂರಿಸುತ್ತೇವೆ. ಫೌಲರ್ಸ್ ಪೊಸಿಷನ್. ಬರಿ ಹೆಸರು ಉರು ಹೊಡೆದರೆ ನಾಳಿದ್ದಕ್ಕೆ ಮರೆತುಹೋಗುತ್ತದೆ. ಕೂತಾಗ ಹೊಟ್ಟೆಯ ಅಂಗಗಳು ಕೆಳಕ್ಕೆ ಸರಿಯುತ್ತವೆ, ಎದೆ ಹೊಟ್ಟೆ ನಡುವಿನ ಸ್ನಾಯು ಡಯಾಫ್ರಮ್‌ಗೆ ಇಳಿಯಲು ಜಾಗ ಸಿಗುತ್ತದೆ, ಶ್ವಾಸಕೋಶ ಚೆನ್ನಾಗಿ ಹಿಗ್ಗುತ್ತದೆ. ಇಷ್ಟು ತಿಳಿದರೆ ಮೂರು ಸಬ್ಜೆಕ್ಟ್‌ನ ಉತ್ತರ ಒಟ್ಟಿಗೆ ಸಿಕ್ಕಿತು. ಐಸಿಯುನಲ್ಲಿ ಇವತ್ತಿಗೂ ನಾನು ರೋಗಿಯನ್ನು ಮೊದಲು ನೋಡುವುದು ಹೀಗೆಯೇ. ಮಾನಿಟರ್ ಆಮೇಲೆ.

ಆದ್ದರಿಂದ ಪೋಸ್ಟಿಂಗ್ ಇದ್ದ ದಿನ ಸಂಜೆ ಹೊಸ ಪಾಠ ತೆಗೆಯಬೇಡ. ಅವತ್ತು ನೀನು ಮುಟ್ಟಿದ ಒಬ್ಬ ರೋಗಿಯನ್ನು ಆರಿಸಿಕೋ. ಅವರ ಕಾಯಿಲೆ ಯಾವ ಅಂಗದ್ದು ಅಂತ ನೋಡಿ, ಅದರ ಚಿತ್ರ ಒಂದು ಬರೆ, ಅದು ಕೆಲಸ ಮಾಡುವ ಬಗೆ ಓದು, ನೀನು ಮಾಡಿದ ಪ್ರೊಸೀಜರ್ ರೆಕಾರ್ಡ್‌ಗೆ ಏರಿಸು. ಒಂದೂವರೆ ಗಂಟೆಯ ಕೆಲಸ. ಆಮೇಲೆ ಮಲಗು.

ಕನ್ನಡದ ಬಗ್ಗೆ ಕೇಳಿದ್ದೀಯ. ತಿಳಿದುಕೊಳ್ಳುವುದು ಯಾವ ಭಾಷೆಯಲ್ಲಾದರೂ ತಿಳಿದುಕೊಳ್ಳುವುದೇ. ಕನ್ನಡದಲ್ಲಿ ಬರೆದುಕೋ, ಗೋಡೆಗೆ ಅಂಟಿಸು, ರೂಮ್‌ಮೇಟ್‌ಗೆ ಕನ್ನಡದಲ್ಲೇ ಪಾಠ ಮಾಡು. ಇನ್ನೊಂದು ವಿಷಯ ನಿನ್ನ ಕಣ್ಣಿಗೆ ಬಿದ್ದಿಲ್ಲ ಅನ್ನಿಸುತ್ತದೆ. ಬೆಂಗಳೂರಿನ ಕಾಲೇಜು ಅಂದಮೇಲೆ ನಿನ್ನ ಕ್ಲಾಸ್‌ನಲ್ಲಿ ಕೇರಳದವರು ಇದ್ದೇ ಇರುತ್ತಾರೆ. ಅವರ ಇಂಗ್ಲಿಷ್ ಚೆನ್ನಾಗಿರಬಹುದು, ಆದರೆ ಕೋಲಾರದಿಂದಲೋ ರಾಯಚೂರಿನಿಂದಲೋ ಬಂದು ಮಲಗಿರುವ ರೋಗಿಯನ್ನು ನಾಲ್ಕು ಮಾತು ಕೇಳಲು ಬರುವುದಿಲ್ಲ. ನಿನಗೆ ಬರುತ್ತದೆ. ರೋಗಿಯ ಕಾಯಿಲೆಯ ಹಿನ್ನೆಲೆ ಕೇಳಿ ಹಿಸ್ಟರಿ ತೆಗೆಯುವಾಗ ನಿನ್ನ ಕ್ಲಾಸಿನ ಆ ಹುಡುಗಿಯರ ಜೊತೆ ನಿಲ್ಲು, ಅವರು ಕ್ಲಾಸ್ ನೋಟ್ಸ್ ಕೊಡಲಿ. ನನಗೆ ಒಬ್ಬಳು ಕೊಟ್ಟಾಯಂ ಹುಡುಗಿ ಹೀಗೇ ಗೆಳತಿಯಾದಳು. ಈಗ ಐರ್ಲೆಂಡ್‌ನಲ್ಲಿದ್ದಾಳೆ, ಇವತ್ತಿಗೂ ಮಾತಾಡುತ್ತೇವೆ.

ಸ್ಪಾಂಜ್ ಬಾತ್. ಕೈ ಬರಲಿಲ್ಲ ಅಂದೆ. ಮೊದಮೊದಲು ಎಲ್ಲರಿಗೂ ಹಾಗೆಯೇ, ಅದಕ್ಕೆ ನಾಚಿಕೊಳ್ಳಬೇಡ. ಕ್ರಮ ಕೈಗೆ ಹತ್ತಿದರೆ ಹೇಸಿಗೆ ತಾನಾಗಿ ಹಿಂದೆ ಸರಿಯುತ್ತದೆ. ಮೊದಲು ಸ್ಕ್ರೀನ್ ಎಳೆ, ಫ್ಯಾನ್ ನಿಲ್ಲಿಸು. ಏನು ಮಾಡಲಿದ್ದೀಯ ಅಂತ ಅಜ್ಜಿಗೆ ಹೇಳು. ಕಣ್ಣು ಒರೆಸುವಾಗ ಮೂಗಿನ ಕಡೆಯಿಂದ ಹೊರಗಡೆಗೆ, ಒಂದೊಂದು ಕಣ್ಣಿಗೆ ಬಟ್ಟೆಯ ಬೇರೆ ಬೇರೆ ಮೂಲೆ. ಆಮೇಲೆ ಮುಖ, ಕೈ, ಎದೆ, ಹೊಟ್ಟೆ, ಕಾಲು, ಬೆನ್ನು. ಯಾವ ಭಾಗ ತೊಳೆಯುತ್ತೀಯೋ ಅಷ್ಟೇ ತೆರೆದಿರಬೇಕು, ಉಳಿದದ್ದೆಲ್ಲ ಮುಚ್ಚಿರಬೇಕು. ನೀರು ತಣ್ಣಗಾದರೆ, ಕೊಳೆಯಾದರೆ ಬದಲಿಸು. ಕೆಲಸದ ನಡುವೆ ಮಾತಾಡಿಸು, ಊರು ಯಾವುದು, ಮೊಮ್ಮಕ್ಕಳೆಷ್ಟು ಅಂತ. ಮಾತು ಶುರುವಾದ ಮೇಲೆ ನಿನ್ನ ಮುಂದಿರುವುದು ಬರಿ ಮೈಯಲ್ಲ, ಒಬ್ಬ ಅಜ್ಜಿ. ನರ್ಸಿಂಗ್‌ನಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇದೆ ಅಂತ ನನಗೆ ಅನ್ನಿಸುವುದಿಲ್ಲ.

ಪಾದಕ್ಕೆ: ಬಿಗಿ ಶೂ ಬೇಡ, ಸಂಜೆ ಹೊತ್ತು ಅಂಗಡಿಗೆ ಹೋಗಿ ತಗೋ, ಆಗ ಪಾದದ ನಿಜವಾದ ಅಳತೆ ಸಿಗುತ್ತದೆ. ಕಾಟನ್ ಸಾಕ್ಸ್. ರಾತ್ರಿ ಕಾಲನ್ನು ಗೋಡೆಗೆ ಎತ್ತಿಟ್ಟು ಮಲಗು. ಪೋಸ್ಟಿಂಗ್ ದಿನ ತಿಂಡಿ ಬಿಡಲೇಬೇಡ. ವಾರ್ಡ್‌ನಲ್ಲಿ ತಲೆಸುತ್ತಿ ಬೀಳುವ ಹುಡುಗಿಯರನ್ನು ಕೇಳಿದರೆ ಹೆಚ್ಚಿನವರು ತಿಂದಿರುವುದಿಲ್ಲ.

ಮೂರನೇ ಸೆಮ್, ತುಮಕೂರು

ಸಿಸ್ಟರ್, ಅಕ್ಕ ಹೇಳಿದ್ದು ವಾರ್ಡ್‌ಗೆ ನೂರಕ್ಕೆ ನೂರು ಸರಿ. ಪರೀಕ್ಷೆಗೆ ಅಷ್ಟೇ ಸಾಲದು ಅಂತ ನನ್ನ ಅಭಿಪ್ರಾಯ. ಕೋಶ, ಅಂಗಾಂಶ, ಮೂಳೆ, ಸ್ನಾಯು ಇವೆಲ್ಲ ರೋಗಿಯ ಮೂಲಕ ಬರುವವರೆಗೆ ಕಾಯಲು ಆಗುವುದಿಲ್ಲ. ನಿಮ್ಮ ಪೇಪರ್ ಹೇಗಿರುತ್ತದೆ ನೋಡಿ. ಅನಾಟಮಿ ಮತ್ತು ಫಿಸಿಯಾಲಜಿ ಎರಡೂ ಸೇರಿ ಒಂದೇ ಪೇಪರ್, 75 ಅಂಕ. ಅನಾಟಮಿ 37, ಫಿಸಿಯಾಲಜಿ 38. ಇಂಟರ್ನಲ್ 25. ಪಾಸ್‌ಗೆ ನೂರಕ್ಕೆ 50 ಬೇಕು. ಸೋಶಿಯಾಲಜಿ ಮತ್ತು ಸೈಕಾಲಜಿಯೂ ಹೀಗೇ ಜೋಡಿ. ಹಾಗಾಗಿ ಜೋಡಿಯಾಗಿಯೇ ಓದಿ. ಬೆಳಿಗ್ಗೆ ಹೃದಯದ ರಚನೆ ಓದಿದರೆ ಸಂಜೆಯೇ ಹೃದಯ ಬಡಿಯುವ ಕ್ರಮ ಓದಿ ಮುಗಿಸಿ. ಅನಾಟಮಿ ಪೂರ್ತಿ ಮುಗಿಸಿ ಆಮೇಲೆ ಫಿಸಿಯಾಲಜಿ ಅಂತ ಇಟ್ಟುಕೊಂಡರೆ ಎರಡು ಸಲ ಓದಿದಂತಾಗುತ್ತದೆ.

ಮೂಳೆಗಳಿಗೆ ಒಂದು ದಾರಿ. 206 ಅಂತ ಹೆದರಬೇಡಿ. ತಲೆ, ಬೆನ್ನು, ಎದೆಗೂಡಿನ ನಡುಭಾಗದವು 80. ಕೈ, ಕಾಲು ಮತ್ತು ಅವನ್ನು ಮೈಗೆ ಜೋಡಿಸುವವು 126. ಈ 126 ಎರಡೂ ಪಕ್ಕ ಒಂದೇ ತರ, ಅಂದರೆ 63 ಕಲಿತರೆ ಆಯಿತು. ಅದರಲ್ಲೂ ಬೆರಳಿನ ಮೂಳೆಗಳಿಗೆಲ್ಲ ಒಂದೇ ಹೆಸರು. ಕಾಲೇಜ್ ಬಸ್‌ನಲ್ಲಿ ಕೂತಾಗ ನಿಮ್ಮ ಕೈಯನ್ನೇ ಮುಟ್ಟಿಕೊಂಡು ಹ್ಯೂಮರಸ್, ರೇಡಿಯಸ್, ಅಲ್ನಾ ಅಂತ ಹೇಳಿಕೊಳ್ಳಿ. ಹೆಬ್ಬೆರಳಿನ ಕಡೆಯದು ರೇಡಿಯಸ್. ಪಲ್ಸ್ ನೋಡುವುದೂ ಅಲ್ಲೇ, ಅದಕ್ಕೇ ರೇಡಿಯಲ್ ಪಲ್ಸ್.

ರೆಕಾರ್ಡ್ ಬಗ್ಗೆ. ಲ್ಯಾಬ್‌ನಲ್ಲಿ ಮೇಡಂ ಡೆಮೊ ಕೊಟ್ಟ ದಿನವೇ ಬರೆಯಿರಿ. ಹಂತಗಳು ಕಣ್ಣಮುಂದೆ ಇರುತ್ತವೆ, ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ವಾರ ಬಿಟ್ಟರೆ ಪುಸ್ತಕ ಹುಡುಕಿ ಬರೆಯಬೇಕು. ಸೀನಿಯರ್ ರೆಕಾರ್ಡ್ ನೋಡಿ ಇಳಿಸುವುದು ಸುಲಭ, ಆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆ) ಕಾರಣ ಕೇಳಿದಾಗ ಬಾಯಿ ಬರುವುದಿಲ್ಲ. ಮತ್ತೆ, ರಾತ್ರಿ ಪಕ್ಕದವರ ನೋಟ್ಸ್ ಪೂರ್ತಿ ತಿರುಗಿ ಬರೆಯುವುದನ್ನು ಇವತ್ತೇ ನಿಲ್ಲಿಸಿ. ಫೋಟೋ ತೆಗೆದುಕೊಳ್ಳಿ. ನಿಮಗೆ ಬಿಟ್ಟುಹೋದ ಸಾಲುಗಳನ್ನಷ್ಟೇ ಸೇರಿಸಿ. ನಿಮ್ಮ ನಿದ್ದೆ ಹೋಗುತ್ತಿರುವುದು ಅಲ್ಲೇ. ಲೈಬ್ರರಿಯಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಹಳೇ ಪ್ರಶ್ನೆಪತ್ರಿಕೆಗಳನ್ನು ಕೇಳಿ ನೋಡಿ. ಸೆಮಿಸ್ಟರ್ ಸ್ಕೀಮ್‌ನವು ಮಾತ್ರ ತಗೊಳ್ಳಿ.

ಟ್ಯೂಟರ್ ಮೇಡಂ, ಮೈಸೂರು

ನೋಡಮ್ಮಾ, ನಾನು ಪಾಠ ಮಾಡುವ ಕಡೆಯವಳು. ನಿನ್ನಂಥ ಮಕ್ಕಳು ಪ್ರತಿ ಬ್ಯಾಚ್‌ನಲ್ಲೂ ಬರುತ್ತಾರೆ. ಮೊದಲ ಇಂಟರ್ನಲ್ಸ್‌ನಲ್ಲಿ 9 ಬಂದವರು ಮುಂದೆ ಒಳ್ಳೇ ನರ್ಸ್ ಆಗಿರುವುದನ್ನು ನಾನೇ ಕಂಡಿದ್ದೇನೆ. ಆ ಉತ್ತರ ಪತ್ರಿಕೆ ತಗೊಂಡು ಅನಾಟಮಿ ಮೇಡಂ ಹತ್ತಿರ ಹೋಗು. ಎಲ್ಲಿ ಅಂಕ ಹೋಯಿತು ಅಂತ ಕೇಳು. ಮೂಲೆಯಲ್ಲಿ ಕೂತು ಅಳುವ ಮಗು ನಮಗೆ ಕಾಣುವುದಿಲ್ಲ, ಬಂದು ಕೇಳುವ ಮಗು ಕಾಣುತ್ತದೆ.

ಕನ್ನಡದ ವಿಚಾರದಲ್ಲಿ ಹುಬ್ಬಳ್ಳಿಯವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುವುದು ಸರಿ, ಆದರೆ ಅಲ್ಲಿಗೇ ನಿಂತುಬಿಟ್ಟರೆ ಪರೀಕ್ಷೆಯಲ್ಲಿ ಇಂಗ್ಲಿಷ್ ವಾಕ್ಯ ಕೈಗೆ ಬರುವುದಿಲ್ಲ. ದಿನಕ್ಕೆ ಒಂದೇ ಒಂದು ಸಣ್ಣ ಉತ್ತರ, ಐದಾರು ಸಾಲು, ಪುಸ್ತಕ ಮುಚ್ಚಿ ಇಂಗ್ಲಿಷ್‌ನಲ್ಲಿ ಬರೆ. ಚಿಕ್ಕ ಚಿಕ್ಕ ವಾಕ್ಯ ಸಾಕು. ಅಲಂಕಾರ ಯಾರಿಗೂ ಬೇಡ. ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಅದಕ್ಕೂ ಅಂಕ ಇದೆ.

ಹಾಜರಾತಿ ಮರೆಯಬೇಡ. ಥಿಯರಿಗೆ 80 ಪರ್ಸೆಂಟ್ ಇರಬೇಕು. ಪ್ರಾಕ್ಟಿಕಲ್ ಮತ್ತು ಕ್ಲಿನಿಕಲ್‌ಗೆ ಡಿಗ್ರಿ ಕೈಗೆ ಬರುವ ಮೊದಲು ಪೂರ್ತಿ 100 ಆಗಲೇಬೇಕು. ಹುಷಾರಿಲ್ಲದೆ ಪೋಸ್ಟಿಂಗ್ ತಪ್ಪಿದರೆ ಆವತ್ತೇ ತಿಳಿಸು. ಆ ಗಂಟೆಗಳನ್ನು ಆಮೇಲೆ ಮಾಡಿಕೊಡಬೇಕಾಗುತ್ತದೆ, ಕೊನೆಗೆ ರಾಶಿ ಬಿದ್ದರೆ ರಜೆಯೆಲ್ಲ ಅದಕ್ಕೇ ಹೋಗುತ್ತದೆ.

ಇನ್ನೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ವಾರ್ಡ್‌ನಲ್ಲಿ ಕೆಲಸ ಜಾಸ್ತಿ ಇದ್ದಾಗ ಯಾರಾದರೂ "ಈ ಇಂಜೆಕ್ಷನ್ ಕೊಟ್ಟುಬಿಡು" ಅನ್ನಬಹುದು. ನೀನು ಕಲಿತಿಲ್ಲದ್ದನ್ನು, ಮೇಡಂ ಪಕ್ಕದಲ್ಲಿ ಇಲ್ಲದೆ, ಮಾಡಬೇಡ. "ನಾನು ಫಸ್ಟ್ ಸೆಮ್, ನಮ್ಮ ಮೇಡಂನ ಕರೆಯುತ್ತೇನೆ" ಅಂತ ಮರ್ಯಾದೆಯಿಂದಲೇ ಹೇಳು. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಬೇಡ. ಅಕಸ್ಮಾತ್ ಚುಚ್ಚಿದರೆ ಹಿಂಡಬೇಡ, ಬಾಯಿಗಿಡಬೇಡ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ವಾರ್ಡ್ ಇನ್‌ಚಾರ್ಜ್‌ಗೆ ತಿಳಿಸು. ಬೈತಾರೆ ಅಂತ ಮುಚ್ಚಿಡುವ ಮಕ್ಕಳಿದ್ದಾರೆ, ಅದೇ ನನಗೆ ಭಯ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿದೆಯಾ ಅಂತ ಮನೆಯಲ್ಲಿ ಕಾರ್ಡ್ ಹುಡುಕಿಸು. ಆಗಿಲ್ಲದಿದ್ದರೆ ಈಗ ಒಂದು, 1 ತಿಂಗಳಿಗೆ ಇನ್ನೊಂದು, 6 ತಿಂಗಳಿಗೆ ಮೂರನೆಯದು.

ಅವ್ವನಿಗೆ ಸುಳ್ಳು ಹೇಳಿ ಫೋನ್ ಇಡಬೇಡಮ್ಮಾ. ಕಷ್ಟ ಆಗುತ್ತಿದೆ, ಆದರೂ ಓದುತ್ತಿದ್ದೇನೆ ಅಂತ ಹೇಳು. ಅವರು ತಾಳಿಕೊಳ್ಳುತ್ತಾರೆ. ನಿದ್ದೆಯೇ ಬರದಿದ್ದರೆ, ಎಲ್ಲ ಬಿಟ್ಟುಬಿಡಬೇಕು ಅನ್ನಿಸುವುದು ಹೋಗದಿದ್ದರೆ 14416ಕ್ಕೆ ಫೋನ್ ಮಾಡು. ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕುಷ್ಟಗಿ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಅವ್ವನ ಹತ್ತಿರ ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಬೆಳಿಗ್ಗೆ ತಿಂಡಿ ತಿಂದೆಯಾ ಅಂತ ಕೇಳಿದಳು. ಲಸಿಕೆ ಕಾರ್ಡ್ ಹುಡುಕುತ್ತಿದ್ದಾಳೆ. ಮೇಡಂ, ಸೋಮವಾರ ಉತ್ತರ ಪತ್ರಿಕೆ ತಗೊಂಡು ಹೋಗುತ್ತೇನೆ. ತುಮಕೂರಿನ ಅಣ್ಣ, ನೋಟ್ಸ್ ತಿರುಗಿ ಬರೆಯುವುದನ್ನು ನಿಲ್ಲಿಸಿದೆ, 11ಕ್ಕೇ ಮಲಗಿದೆ.

ಅಕ್ಕಾ, ಇನ್ನೊಂದು ಕೇಳಬೇಕಿತ್ತು. ಬಿಪಿ ನೋಡುವಾಗ ನನಗೆ ಸದ್ದೇ ಕೇಳಿಸುವುದಿಲ್ಲ. ಉಳಿದವರು 120, 80 ಅಂತ ಬರೆಯುತ್ತಾರೆ. ಅವರಿಗೆ ನಿಜವಾಗಿ ಕೇಳಿಸುತ್ತದಾ ಗೊತ್ತಿಲ್ಲ. ಈ ವಾರ ಅದರ ರಿಟರ್ನ್ ಡೆಮೊ ಇದೆ, ಮೇಡಂ ಮುಂದೆ ನಾವೇ ಮಾಡಿ ತೋರಿಸಬೇಕು.

ಐಸಿಯು ಅಕ್ಕ, ಹುಬ್ಬಳ್ಳಿ

ಕೇಳಿಸದೆ ಬರೆಯದಿದ್ದದ್ದು ಒಳ್ಳೇದಾಯಿತು ತಂಗಿ. ಸುಳ್ಳು ಬಿಪಿ ನೋಡಿ ಡಾಕ್ಟರ್ ಔಷಧಿ ಬದಲಿಸಿದರೆ ರೋಗಿಗೆ ಅಪಾಯ.

ಸ್ಟೆತ್‌ನ ಕಿವಿಗಿಡುವ ತುದಿಗಳು ನಿನ್ನ ಮೂಗಿನ ಕಡೆ ತಿರುಗಿರಬೇಕು. ಹಿಂದುಮುಂದಾದರೆ ಏನೂ ಕೇಳಿಸುವುದಿಲ್ಲ, ಹೊಸಬರಲ್ಲಿ ಹೆಚ್ಚಾಗಿ ಆಗುವುದು ಇದೇ. ಎರಡು ಮುಖದ ಸ್ಟೆತ್ ಆದರೆ ಯಾವ ಮುಖ ತೆರೆದಿದೆ ಅಂತ ಬೆರಳಿನಿಂದ ತಟ್ಟಿ ನೋಡು. ರೋಗಿ ಕೂತು 5 ನಿಮಿಷ ಆಗಿರಲಿ, ತೋಳು ಎದೆಯ ಮಟ್ಟಕ್ಕೆ ಇರಲಿ, ತೋಳಿಗೆ ಸುತ್ತುವ ಪಟ್ಟಿಯನ್ನು, ಅಂದರೆ ಕಫ್ ಅನ್ನು, ಸೀರೆಯ ಬ್ಲೌಸ್ ಮೇಲೆ ಕಟ್ಟಬೇಡ. ಕಫ್‌ನ ಕೆಳ ಅಂಚು ಮೊಣಕೈ ಮಡಿಕೆಗಿಂತ 2–3 ಸೆಂಟಿಮೀಟರ್ ಮೇಲಿರಬೇಕು.

ಮೊದಲು ಸ್ಟೆತ್ ಇಲ್ಲದೆಯೇ ರೇಡಿಯಲ್ ಪಲ್ಸ್ ಹಿಡಿದು ಗಾಳಿ ತುಂಬು. ಪಲ್ಸ್ ಮಾಯವಾದ ಸಂಖ್ಯೆ ನೆನಪಿಟ್ಟುಕೋ. ಗಾಳಿ ಪೂರ್ತಿ ಬಿಟ್ಟು ಸ್ವಲ್ಪ ಹೊತ್ತು ತಡಿ. ಆಮೇಲೆ ಮೊಣಕೈ ಮಡಿಕೆಯ ಒಳಪಕ್ಕದಲ್ಲಿ, ಅಂದರೆ ಕಿರುಬೆರಳಿನ ಕಡೆಗೆ, ಬ್ರೇಕಿಯಲ್ ಬಡಿತವನ್ನು ಬೆರಳಿನಿಂದ ಹುಡುಕಿ, ಅದೇ ಜಾಗದಲ್ಲಿ ಸ್ಟೆತ್ ಇಡು. ಆ ಸಂಖ್ಯೆಗಿಂತ 30 ಜಾಸ್ತಿ ಏರಿಸಿ, ಸೆಕೆಂಡಿಗೆ 2–3ರಂತೆ ನಿಧಾನವಾಗಿ ಇಳಿಸು. ಮೊದಲ ಟಕ್ ಟಕ್ ಮೇಲಿನದು, ಸದ್ದು ಪೂರ್ತಿ ನಿಂತದ್ದು ಕೆಳಗಿನದು. ಇಳಿಸುವ ವೇಗ ಜಾಸ್ತಿಯಾದರೆ ಎರಡೂ ತಪ್ಪಿಹೋಗುತ್ತವೆ.

ರೂಮ್‌ಮೇಟ್ ತೋಳಿನ ಮೇಲೆ ಅಭ್ಯಾಸ ಮಾಡು. ರೂಮ್‌ನಲ್ಲಿ ಫ್ಯಾನ್, ಫೋನ್ ಎರಡೂ ಬಂದ್ ಇರಲಿ. ಲ್ಯಾಬ್‌ನಲ್ಲಿ ಇಬ್ಬರು ಒಟ್ಟಿಗೆ ಕೇಳುವ ಟೀಚಿಂಗ್ ಸ್ಟೆತ್ ಇದೆಯಾ ಅಂತ ಮೇಡಂನ ಕೇಳು. ಇದ್ದರೆ ಡೆಮೊಗೆ ಮುಂಚೆ ಒಂದು ಸಲ ಅವರ ಜೊತೆಯೇ ಕೇಳಿಸಿಕೋ. ಆ ಸದ್ದು ಒಮ್ಮೆ ಕಿವಿಗೆ ಸಿಕ್ಕರೆ ಆಮೇಲೆ ಎಷ್ಟು ಗಲಾಟೆಯ ವಾರ್ಡ್‌ನಲ್ಲೂ ನಿನಗೆ ಗುರುತು ಸಿಗುತ್ತದೆ.